ಕಕ್ಕಸ್ಸಿಗೊಂದು ಹಿಡಿಕಂಬಿ

ಅಪ್ಪಾ,

ಸಾಷ್ಟಾಂಗ ಹಾಕೋಣವೆಂದರೆ ನೆಲಕ್ಕೆ ನಿನ್ನೆಯಷ್ಟೇ ಸಿಮೆಂಟು ಬಿದ್ದಿದೆ, ನಿಂತಲ್ಲೇ ಕೈಮುಗಿದಿದ್ದೇನೆ.

ಮುಖ್ಯ ಸಮಾಚಾರವೇನೆಂದರೆ, ನಮ್ಮ ಬೆಳಗೋಡಿನ ಮನೆಯೊಳಗೆ ಕಕ್ಕಸ್ಸು ಸಿದ್ಧವಾಗಿದೆ. ‘ಉಣ್ಣೋ ಸೂರಿನಡೀಗೇ ಕಕ್ಕಸ್ಸೇನೋ ಮಾರಾಯ?’ ಎಂದು ನೀನು ಬೈದಿದ್ದೆ. ಮಂಡಿನೋವಿನಲ್ಲಿ ನೀನು ಹಿತ್ತಲಿಗೆ ನಡೆಯುವುದು ತಪ್ಪಲಿ ಎಂದು ಸೊಸೈಟಿಯಲ್ಲಿ ಸಾಲ ಎತ್ತಿ ಕೆಲಸ ಶುರು ಮಾಡಿಸಿದೆ. ಕಾಫಿ ರೇಟು ಬಿತ್ತು, ಕೆಲಸ ನಿಂತಿತು, ಅಷ್ಟರಲ್ಲಿ ನೀನೂ ತೀರಿಕೊಂಡೆ. ಸಾಲ ಮಾತ್ರ ನೆಂಟರ ಹಾಗೆ ಬಂದು ಇಲ್ಲೇ ಉಳಿದಿದೆ. ಸೊಸೈಟಿಯ ಸೆಕ್ರೆಟರಿ ಬಂದಾಗ ಹಿತ್ತಲಿಗೆ ಓಡುವವನು ಈಗ ನಾನು.

ನಿಂತ ಕೆಲಸ ಹೇಗೋ ಮತ್ತೆ ಶುರುವಾಗಿ, ಇವತ್ತು ಗಾರೆ ಹುಚ್ಚಣ್ಣ ಕೊನೆಯ ಕೆಲಸಕ್ಕೆ ಬಂದ. ಕೂತು ಏಳುವಾಗ ನೀನು ಹಿಡಿದುಕೊಳ್ಳಲೆಂದು ತಂದಿದ್ದ ಸ್ಟೀಲ್ ಕಂಬಿಯೊಂದು ಉಳಿದಿತ್ತು. ಈ ಮನೆಯ ಹಣಕಾಸು ಮಂತ್ರಿಯಾದ ನಿನ್ನ ಸೊಸೆ ಚಂದ್ರಿಕಾ ಆಜ್ಞೆ ಹೊರಡಿಸಿದಳು:

‘ಅದನ್ನ ಅಂಗಡಿಗೆ ವಾಪಸ್ ಕೊಡಿ. ಹುಚ್ಚಣ್ಣನ ಕೂಲಿಗಾದ್ರೂ ಆಯ್ತದೆ. ಈಗ ಹಿಡ್ಕಳಾಕೆ ಯಾರವ್ರೆ?’

ನ್ಯಾಯವಾದ ಮಾತು. ಒಪ್ಪಿದೆ. ಒಪ್ಪಿದ ಮೇಲೂ ಕಂಬಿ ನನ್ನ ಕೈಯಲ್ಲೇ ಇತ್ತು.

‘ಹಾಕೋದಾದ್ರೆ ಎಷ್ಟು ಎತ್ತರಕ್ಕೆ ಹಾಕ್ಲಿ ಹೇಳಿ. ಕಲಸಿದ ಸಿಮೆಂಟು ಗಟ್ಟಿ ಆಯ್ತೈತೆ,’ ಎಂದ ಹುಚ್ಚಣ್ಣ.

ನಾನು ನಿನ್ನ ಹಾಗೆ ಸೊಂಟದ ಮೇಲೆ ಒಂದು ಕೈಯಿಟ್ಟು, ಬಗ್ಗಿ, ಇನ್ನೊಂದು ಕೈಯನ್ನು ಗೋಡೆಗೆ ಚಾಚಿ ತೋರಿಸಿದೆ.

ಚಂದ್ರಿಕಾ ಹತ್ತಿರ ಬಂದು ನೋಡಿದಳು.

‘ಇನ್ನೊಂಚೂರು ಬಗ್ಗಿ ಕಣ್ರೀ,’ ಎಂದಳು. ‘ಮಾವ ಅಷ್ಟು ನೆಟ್ಟಗೆ ಎಲ್ಲಿ ನಿಲ್ತಿದ್ರು?’