ಟ್ಯಾಂಕಿನ ತಳದ ಏಳು ಕಾಳು

ಬಸವನಗುಡಿ, ಬೆಂಗಳೂರು
೯-೧-೧೯೫೬, ಸೋಮವಾರ

ಸೌಭಾಗ್ಯವತಿ ಗಿರಿಜಾಂಬಾಳಿಗೆ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ತಲುಪಿದವು. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಹದಿಮೂರು ದಿನ ತಡವಾಯಿತು. ಕಾರಣ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಆದ್ದರಿಂದ ಬೇರೆ ಸುದ್ದಿಯನ್ನು ಮೊದಲು ಬರೆದು ಮುಗಿಸುತ್ತೇನೆ.

ರುದ್ರಾಣಿಯ ಕಾಲಿನ ಊತ ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಬದಲು ತಾಯಿಯೇ ತುಮಕೂರಿಗೆ ಹೋಗಬೇಕಾಯಿತಲ್ಲ ಎಂದು ಕೊರಗಬೇಡ. ಡಾಕ್ಟರು ಪ್ರಯಾಣ ಬೇಡವೆಂದ ಮೇಲೆ ಬೇಡ. ಇಲ್ಲಿ ಹಸು ಎರಡು ಹೊತ್ತೂ ಹಾಲು ಕೊಡುತ್ತಿದೆ. ಎದುರು ಮನೆಯ ದಾಕ್ಷಾಯಣಮ್ಮನವರು ಸಾರು ಕಳಿಸುತ್ತಾರೆ. ಅನ್ನ ನಾನೇ ಮಾಡಿಕೊಳ್ಳುತ್ತೇನೆ. ಮೂರು ದಿನ ಗಂಜಿಯಾಯಿತು. ನಾಲ್ಕನೆಯ ದಿನದಿಂದ ಅನ್ನವಾಗುತ್ತಿದೆ.

ಇನ್ನು ತಡವಾದ ಕಾರಣ. ಜಟಕಾ ಹತ್ತಿ ಕೂತ ಮೇಲೂ ನೀನು ಹೇಳಿದ್ದು ಒಂದೇ ಮಾತು. "ಮಗು ಕರ್ಕೊಂಡು ನಾವು ಬರೋದ್ರೊಳಗೆ ಆ ಕಬ್ಬಿಣದ ಹೆಣ ಹಿತ್ತಲಿಂದ ಆಚೆ ಹೋಗಿರ್ಬೇಕು." ನಾನು ಗುಜರಿಯವನನ್ನು ಕರೆಸಿದೆ, ಅದು ನಿಜ. ಅವನು ತಕ್ಕಡಿ ಇಳಿಸಿ, ಚಕ್ರ ಹಿಡಿದಿದೆಯೋ ಬಿಟ್ಟಿದೆಯೋ ನೋಡೋಣವೆಂದು ಎಂಜಿನ್ನಿಗೆ ಹಗ್ಗ ಸುತ್ತಿ ಎಳೆದ. ಅದು ತಿರುಗಿತು. ತಿರುಗಿದ್ದಷ್ಟೇ ಅಲ್ಲ, ಒಳಗಿನಿಂದ ಒಂದು ಸಲ ಉಸಿರು ಬಿಟ್ಟಿತು. ಬೂದುಗುಂಬಳದ ಬಳ್ಳಿ ಹಬ್ಬಿಕೊಂಡು ಅಷ್ಟು ವರ್ಷ ನಿಂತ ಯಂತ್ರ. ನಾನು ಗುಜರಿಯವನನ್ನು ವಾಪಸು ಕಳಿಸಿದೆ. "ಕರೆಸೋಕೆ ಮುಂಚೆ ಮನ್ಸು ಗಟ್ಟಿ ಮಾಡ್ಕೋಬೇಕು ಸಾಮಿ" ಎಂದು ಗೊಣಗಿಕೊಂಡು ಹೋದ.

ಈ ಟ್ರ್ಯಾಕ್ಟರನ್ನು ಮೊದಲು ಕಂಡಾಗ ನೀನು "ಎತ್ತಿಲ್ಲದ ನೇಗಿಲು, ಕೂರೋಕೆ ಜಾಗ ಇಲ್ಲದ ಗಾಡಿ" ಎಂದಿದ್ದೆ. ದಂಡಿನ ಇಂಗ್ಲಿಷ್ ದೊರೆಯೊಬ್ಬ ಊರಿಗೆ ಹೊರಟಾಗ ತನ್ನ ತೋಟದ್ದನ್ನು ಮಾರಿದ್ದು. ಎರಡು ಚಕ್ರ, ಎರಡು ಹಿಡಿ, ಹಿಂದೆ ನಡೆಯಲು ಒಬ್ಬ ಮನುಷ್ಯ. ಆ ಮನುಷ್ಯ ಅಶ್ವತ್ಥಪ್ಪ. ನಮ್ಮ ಹಿತ್ತಲಿಂದ ಹನುಮಂತನಗರದ ಗುಡ್ಡದ ಕಡೆಗೆ ಬರೀ ತೋಟವಿದ್ದ ಕಾಲದಲ್ಲಿ ನಮ್ಮ ಪಾಲಿನದನ್ನು ಹದಿನಾರು ವರ್ಷ ಮಾಡಿದವನು.

ನಲವತ್ತನಾಲ್ಕರ ಆಯುಧಪೂಜೆ ಮುಗಿದ ವಾರವೇ ಯಂತ್ರಕ್ಕೆ ಆ ಕಾಯಿಲೆ ಬಂತು. ನಾಲ್ಕು ನಿಮಿಷ ಓಡುವುದು, ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಾಲ್ಕು ನಿಮಿಷ. ಅಂದಿನ ಮೆಕ್ಯಾನಿಕ್ಕು ಎಲ್ಲ ನೋಡಿ, ಪೆಟ್ರೋಲೇ ಸರಿಯಿಲ್ಲ ಎಂದ. ಯುದ್ಧದ ಕಾಲ. ಕೂಪನ್ ತೆಗೆದುಕೊಂಡು ಹೋಗಿ ಪೆಟ್ರೋಲ್ ತರುತ್ತಿದ್ದವನು ಅಶ್ವತ್ಥಪ್ಪ. ಅರ್ಧ ಮಾರಿಕೊಂಡು ಸೀಮೆಎಣ್ಣೆ ಬೆರೆಸಿದ್ದಾನೆ ಎಂದು ನಾನು ತೀರ್ಮಾನಿಸಿ ಕೆಲಸದಿಂದ ಬಿಡಿಸಿದೆ. ನೀನು ಅಂದು "ಅವನಲ್ಲ" ಎಂದೆ. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಸೊಪ್ಪನ್ನು ಮಾತ್ರ ಅವನ ಹೆಂಡತಿ ಮುನಿಗಂಗಮ್ಮನ ಹತ್ತಿರವೇ ಕೊಳ್ಳುತ್ತ ಬಂದೆ. ಅದನ್ನು ನಾನು ಗಮನಿಸಿಲ್ಲವೆಂದು ತಿಳಿಯಬೇಡ.

ಸೀಮೆಎಣ್ಣೆ ಉರಿದ ಎಂಜಿನ್ನಿನ ಒಳಗೆ ಕಾಡಿಗೆಯಂಥ ಮಸಿ ಹಿಡಿದಿರುತ್ತದೆ. ಬಿಚ್ಚಿ ನೋಡಿದರೆ ತಿಳಿಯುತ್ತದೆ. ಹನ್ನೊಂದು ವರ್ಷ ಮೂರು ತಿಂಗಳು ನಾನು ಬಿಚ್ಚಿ ನೋಡಲಿಲ್ಲ. ಈಗ ನೋಡುತ್ತೇನೆ. ಅವನು ತಪ್ಪು ಮಾಡಿದ್ದರೆ ಅದೂ ತಿಳಿಯಲಿ, ಇಲ್ಲದಿದ್ದರೆ ಅದೂ.

ನಿನ್ನ ಬಿಳಿ ಟವಲ್ಲು ಒಂದಕ್ಕೆ ಎಣ್ಣೆಯಾಗಿದೆ. ನಾನೇ ಒಗೆಯುತ್ತೇನೆ.

ಇಂತು,
ವೀರಭದ್ರಯ್ಯ

೨೨-೧-೧೯೫೬, ಭಾನುವಾರ

ಸೌಭಾಗ್ಯವತಿ ಗಿರಿಜಾಂಬಾಳಿಗೆ ಮತ್ತು ರುದ್ರಾಣಿಗೆ ಆಶೀರ್ವಾದಗಳು. ಹೆಸರಿಲ್ಲದ ಪುಟ್ಟವಳಿಗೆ ಎಲ್ಲರಿಗಿಂತ ಹೆಚ್ಚು.

ತಂತಿ ಬಂದಾಗ ನನ್ನ ಎರಡು ಕೈಯೂ ಗ್ರೀಸಿನಲ್ಲಿತ್ತು. ದಾಕ್ಷಾಯಣಮ್ಮನವರೇ ಒಡೆದು ಓದಿದರು. "ಹೆಣ್ಮಗು ಕಣ್ರೀ, ಇಬ್ಬರೂ ಚೆನ್ನಾಗಿದಾರಂತೆ. ತಾತ ಆದ್ರಿ, ಇನ್ನಾದ್ರೂ ಮುಖ ತೊಳ್ಕೊಳ್ಳಿ!" ಬೀದಿಗೆಲ್ಲ ಸಕ್ಕರೆ ಹಂಚಿದ್ದೂ ಅವರೇ. ಕಾಗದ ಬರೆಯಲು ಮತ್ತೆ ಐದು ದಿನ ತಡವಾಯಿತು. ಈ ಸಲ ಸೋಮಾರಿತನವಲ್ಲ. ಬರೆಯುವುದಕ್ಕೆ ಕೈ ಬರಲಿಲ್ಲ.

ಚಾಮರಾಜಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ಮುರುಗೇಶ ಸಂಜೆ ಹೊತ್ತು ಬಂದು ಸಹಾಯ ಮಾಡುತ್ತಿದ್ದಾನೆ. ಬಾಯಿ ಜಾಸ್ತಿ, ಕೈ ಅದಕ್ಕಿಂತ ಚುರುಕು. "ಅಮ್ಮಾವ್ರು ಊರಲ್ಲಿಲ್ಲ ಅಂತ ಹಿತ್ತಲಲ್ಲಿ ಎರಡನೇ ಸಂಸಾರ ಹೂಡಿದೀರಲ್ಲ ಸಾರ್" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಆಗುವುದಿಲ್ಲ. ಇಬ್ಬರೂ ಸೇರಿ ಎಂಜಿನ್ನಿನ ತಲೆ ಬಿಚ್ಚಿದೆವು. ನಾನು ಲಾಂದ್ರ ಹತ್ತಿರ ಹಿಡಿದು ನೋಡಿದೆ. ಪಿಸ್ಟನ್ನಿನ ಮೇಲೆ ತೆಳ್ಳಗೆ ಬೂದಿ ಬಣ್ಣ. ಕಾಡಿಗೆ ಇರಲಿಲ್ಲ.

"ಇದು ಸೀಮೆಎಣ್ಣೆ ಕುಡಿದಿರೋ ಹೊಟ್ಟೆ ಅಲ್ಲ ಸಾರ್" ಎಂದ ಮುರುಗೇಶ. ಅವನಿಗೆ ಹಳೆಯ ಕತೆ ಗೊತ್ತಿಲ್ಲ, ಸುಮ್ಮನೆ ಅಂದ ಮಾತು.

ಕಿಡಿ ಕೊಡುವ ಮ್ಯಾಗ್ನೆಟೋಗೆ ಬಲ ತುಂಬಿಸಿ ತಂದೆವು. ಟ್ಯಾಂಕಿನ ತಳದಲ್ಲಿ ಹಳೆಯ ಪೆಟ್ರೋಲು ಒಣಗಿ ಅಂಟಿನಂತಾಗಿತ್ತು, ಕುಲುಕಿ ಒಂದು ಸಲ ತೊಳೆದೆವು. ಬಂಕಿಗೆ ನಾನೇ ಹೋಗಿ, ನಾನೇ ಡಬ್ಬಿ ಹಿಡಿದು ಪೆಟ್ರೋಲ್ ತಂದು ಹಾಕಿದೆ. ಎರಡು ದಿನ ಎಳೆದ ಮೇಲೆ ಬುಧವಾರ ಸಂಜೆ ಎಂಜಿನ್ನು ಹೊತ್ತಿಕೊಂಡಿತು. ಹಸು ಗೂಟ ಕಿತ್ತಿತು. ಮುರುಗೇಶ ಕುಣಿದ. ನಾನು ಗಡಿಯಾರ ನೋಡುತ್ತಿದ್ದೆ.

ನಾಲ್ಕು ನಿಮಿಷಕ್ಕೆ ನಿಂತಿತು.

ಗಿರಿಜಾ, ಅದೇ ಕಾಯಿಲೆ. ನಾನು ತಂದ ಪೆಟ್ರೋಲಿಗೂ ಅದೇ ಕಾಯಿಲೆ.

ಮಾರನೆಯ ದಿನ ಟ್ಯಾಂಕನ್ನೇ ಬಿಚ್ಚಿ, ಒಂದು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಬೋರಲು ಹಾಕಿದೆವು. ಹೊಸ ಪೆಟ್ರೋಲು ಆ ಅಂಟನ್ನು ಕರಗಿಸಿತ್ತು. ಕಂದು ನೀರಿನ ಜೊತೆ ಕಾಳುಗಳು ಬಿದ್ದವು. ಒರೆಸಿ ನೋಡಿದರೆ ಅಕ್ಕಿ. ಏಳು ಕಾಳು. ಎಂಜಿನ್ನು ಎಳೆದಾಗ ಒಂದೋ ಎರಡೋ ಕಾಳು ಹೋಗಿ ಟ್ಯಾಂಕಿನ ಸಣ್ಣ ತೂತಿಗೆ ಅಡ್ಡ ಕೂರುತ್ತಿತ್ತು. ಎಂಜಿನ್ನು ನಿಂತರೆ ಜಾರಿಕೊಳ್ಳುತ್ತಿತ್ತು. ಅದಕ್ಕೇ ನಲ್ಲಿ ತಿರುಗಿಸಿ ನೋಡಿದ ಯಾವ ಮೆಕ್ಯಾನಿಕ್ಕಿಗೂ ಪೆಟ್ರೋಲು ಸರಿಯಾಗಿಯೇ ಹರಿದಂತೆ ಕಂಡಿದ್ದು.

"ಇಲಿ ಸಾರ್, ಇಲಿ ತಂದು ಹಾಕಿರುತ್ತೆ" ಎಂದ ಮುರುಗೇಶ.

ನಾನು ಕಾಳುಗಳನ್ನು ಒಂದೊಂದಾಗಿ ನೋಡಿದೆ. ಏಳೂ ಇಡಿಯಾಗಿದ್ದವು, ಒಂದಕ್ಕೂ ತುದಿ ಮುರಿದಿರಲಿಲ್ಲ. ನಲವತ್ತನಾಲ್ಕರಲ್ಲಿ ರೇಷನ್ ಅಕ್ಕಿ ಹೇಗಿತ್ತು ನಿನಗೆ ನೆನಪಿದೆ. ಅರ್ಧ ನುಚ್ಚು, ಕಾಲು ಭಾಗ ಕಲ್ಲು. ಹಬ್ಬದ ಹಿಂದಿನ ದಿನ ನೀನು ಮೊರ ಹಿಡಿದು ಹಜಾರದಲ್ಲಿ ಕೂತು, ಅಕ್ಷತೆಗೆ ಮುರಿದ ಕಾಳು ಬರಬಾರದೆಂದು ಇಡೀ ಕಾಳುಗಳನ್ನು ಒಂದೊಂದಾಗಿ ಆರಿಸಿದ್ದೆ. ಇಲಿಗೆ ಆ ತಾಳ್ಮೆ ಇಲ್ಲ.

ಪೂಜೆಗೆ ಟ್ರ್ಯಾಕ್ಟರು ತೊಳೆದೆವು. ಟ್ಯಾಂಕಿನ ಹಿತ್ತಾಳೆ ಮುಚ್ಚಳ ಕಪ್ಪಾಗಿದೆಯೆಂದು, ಹುಣಿಸೆಹಣ್ಣು ಹಾಕಿ ಉಜ್ಜಿ ಬಿಸಿಲಿಗೆ ಇಟ್ಟವನು ನಾನು. ಮುಚ್ಚಳ ಅಲ್ಲಿ ಹೊಳೆಯುತ್ತಿತ್ತು, ಟ್ಯಾಂಕು ಬಾಯಿ ತೆರೆದುಕೊಂಡಿತ್ತು, ನಾವೆಲ್ಲರೂ ಸುತ್ತ ನಿಂತು ಅಕ್ಷತೆ ಹಾಕಿದೆವು. ಯಾರ ಕೈಯಿಂದ ಯಾವ ಕಾಳು ಬಿತ್ತೋ ತಿಳಿಯದು. ಅಕ್ಕಿ ಆರಿಸಿದ್ದಕ್ಕೆ ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮುಚ್ಚಳ ತೆಗೆದದ್ದು ನಾನು.

ಕಾಳುಗಳನ್ನು ಪೊಟ್ಟಣ ಕಟ್ಟಿ ವಿಭೂತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈಗ ಅಶ್ವತ್ಥಪ್ಪನ ಹತ್ತಿರ ಹೋಗಬೇಕು. ಹೋಗುತ್ತೇನೆ ಎಂದು ಮೂರು ದಿನದಿಂದ ಚಪ್ಪಲಿ ಮೆಟ್ಟಿ ಬಿಡುತ್ತಿದ್ದೇನೆ.

ಇಂತು,
ವೀರಭದ್ರಯ್ಯ

೬-೨-೧೯೫೬, ಸೋಮವಾರ

ಸೌಭಾಗ್ಯವತಿ ಗಿರಿಜಾಂಬಾಳಿಗೆ ಆಶೀರ್ವಾದಗಳು.

"ಹೋದ್ರಾ ಇಲ್ವಾ" ಎಂಬ ಎರಡೇ ಪದದ ನಿನ್ನ ಕಾರ್ಡು ಬಂತು. ಹೋದೆ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಎಲ್ಲ ಒಂದು ಕೊನೆ ಮುಟ್ಟಲಿ ಎಂದು ಕಾಯುತ್ತಿದ್ದೆ.

ಮೊದಲು ಗಾಂಧಿ ಬಜಾರಿಗೆ ಹೋದೆ. ಮುನಿಗಂಗಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಪಕ್ಕದವಳಿಗೆ ಕೇಳುವಂತೆ, "ಅಮ್ಮಾವ್ರು ಊರಾಗಿಲ್ಲ ಅಂತ ಸಾಮೇರೇ ಬಂದವ್ರೆ ನೋಡೇ! ದಂಟ್ಯಾವ್ದು ಕೀರೆ ಯಾವ್ದು ಗೊತ್ತೈತಾ ಸಾಮಿ?" ಎಂದಳು.

"ಅಶ್ವತ್ಥಪ್ಪನ್ನ ನೋಡ್ಬೇಕಿತ್ತು" ಎಂದೆ.

ನೀರು ಚಿಮುಕಿಸುವ ಕೈ ನಿಂತಿತು. "ಈಗ್ಲಾ?" ಎಂದಳು. ಮತ್ತೆ ಚಿಮುಕಿಸುತ್ತ, "ಮತ್ತಿಕೆರೇಲಿ ಒಬ್ರ ತೋಟ ಮಾಡ್ತಾನೆ. ಹೋಗಿ. ಮಾತಾಡ್ತಾನೋ ಇಲ್ವೋ ನಾ ಹೇಳಾಕಿಲ್ಲ."

ಬರಿಗೈಯಲ್ಲಿ ಏಳಲಾರದೆ ಎರಡು ಕಟ್ಟು ಸೊಪ್ಪು ಕೊಂಡೆ. ಅವಳು ಮೇಲೆ ಒಂದು ಹಿಡಿ ಹಾಕಿದಳು. "ಈ ಕೊಸರು ಅಮ್ಮಾವ್ರದು ಸಾಮಿ, ನಿಮ್ದಲ್ಲ."

ಮಲ್ಲೇಶ್ವರದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಸೊಪ್ಪಿನ ಚೀಲ ಕೈಯಲ್ಲೇ ಇತ್ತು. ಅಶ್ವತ್ಥಪ್ಪ ಹುರುಳಿಕಾಯಿ ಬಳ್ಳಿಗೆ ಕಡ್ಡಿ ಕಟ್ಟುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆನ್ನು ಮಾತ್ರ ನೆಟ್ಟಗೇ ಇದೆ. ನಾನು ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿದ. ಎಲ್ಲಿ ಸಿಕ್ಕಿತು, ಹೇಗೆ ಬಿತ್ತು, ಎಲ್ಲ ಹೇಳಿದೆ. ಅವನು ಕಾಳುಗಳನ್ನು ಬೆರಳಲ್ಲಿ ಆ ಕಡೆ ಈ ಕಡೆ ಸರಿಸುತ್ತ ಕೇಳಿಸಿಕೊಂಡ.

"ಅವತ್ತು ಅಮ್ಮಾವ್ರು ನನ್ ಕೈಗೂ ಒಂದ್ ಚಿಟಿಕೆ ಕೊಟ್ಟಿದ್ರು ಸಾಮಿ. ನಾನೂ ಹಾಕಿದ್ದೆ. ಇದ್ರಾಗೆ ನಂದೂ ಒಂದಿರ್ಬೋದು."

"ಮುಚ್ಚಳ ತೆಗೆದಿದ್ದು ನಾನು" ಎಂದೆ.

"ಅದು ದಿಟ" ಎಂದ.

ನಾನು ಅಂದ ಮಾತು ತಪ್ಪು, ಕ್ಷಮಿಸಬೇಕು ಎಂದು ಕೇಳಿದೆ. ಅವನು ಪೊಟ್ಟಣ ಮಡಚಿ ನನಗೇ ಕೊಟ್ಟು ಮತ್ತೆ ಕಡ್ಡಿ ಕಟ್ಟತೊಡಗಿದ. ಹೋಗುವುದೋ ನಿಲ್ಲುವುದೋ ತಿಳಿಯದೆ ನಾನು ದಾರದ ಉಂಡೆ ಹಿಡಿದುಕೊಂಡೆ. ಮೂರು ಸಾಲು ಮುಗಿಯಿತು. ಆಗ ಕೇಳಿದ, "ಆಡ್ತದಾ ಅದು ಈಗ?"

"ಆಡ್ಬೇಕು. ಟ್ಯಾಂಕು ತೊಳೆದು ಕೂರಿಸಿದೀವಿ, ನೀನಿಲ್ಲದೆ ಮಣ್ಣಿಗೆ ಇಳಿಸಿಲ್ಲ."

"ಭಾನುವಾರ ಬತ್ತೀನಿ. ಕೆಲ್ಸಕ್ಕಲ್ಲ, ನೋಡಾಕೆ."

ನಿನ್ನೆ ಬಂದ. ಯಂತ್ರದ ಸುತ್ತ ಒಂದು ಸುತ್ತು ಹಾಕಿ, ಹಿಡಿಯ ಮೇಲೆ ತಾನೇ ಹಿಂದೆ ಸುತ್ತಿದ್ದ ಸೆಣಬಿನ ದಾರ ಇನ್ನೂ ಇದೆಯೇ ಎಂದು ಮುಟ್ಟಿ ನೋಡಿದ. ಇತ್ತು. ಬೆಲ್ಟು ಎಳೆದು ನೋಡಿದ, ಚಕ್ರ ಒದ್ದು ನೋಡಿದ. ಪೆಟ್ರೋಲ್ ಡಬ್ಬಿ ಅವನ ಕಾಲ ಬಳಿಯೇ ಇತ್ತು. ಮುರುಗೇಶ "ಹಾಕಿ ಯಜಮಾನ್ರೇ" ಎಂದದ್ದಕ್ಕೆ ಒಂದು ಹೆಜ್ಜೆ ಹಿಂದೆ ಸರಿದು, "ಅದ್ನ ಸಾಮೇರೇ ಹಾಕ್ಲಿ. ನಾ ಮುಟ್ಟಾಕಿಲ್ಲ" ಎಂದ. ನಾನೇ ಹಾಕಿದೆ.

ಮುರುಗೇಶ ಹಗ್ಗ ಎಳೆದ. ಅಶ್ವತ್ಥಪ್ಪ ಹಿಡಿ ಹಿಡಿದ. ನಾನು ಗಡಿಯಾರ ತೆಗೆದೆ. ನಾಲ್ಕನೆಯ ನಿಮಿಷಕ್ಕೆ ಮೂವರೂ ಟ್ಯಾಂಕಿನ ಕಡೆಗೇ ನೋಡುತ್ತಿದ್ದೆವು. ಐದಾಯಿತು. ಎಂಟಾಯಿತು. "ಗಡಿಯಾರ ಜೇಬಿಗೆ ಹಾಕಿ ಸಾರ್, ಅದಕ್ಕೆ ನಾಚಿಕೆ ಆಗುತ್ತೆ" ಎಂದು ಮುರುಗೇಶ ಕಿರುಚಿದ. ಬಾವಿಯಿಂದ ಕೊಟ್ಟಿಗೆಯವರೆಗೆ, ಕೊಟ್ಟಿಗೆಯಿಂದ ಬೇಲಿಯವರೆಗೆ, ನಲವತ್ತು ನಿಮಿಷ, ಉಳಿದಿರುವ ಹಿತ್ತಲನ್ನೆಲ್ಲ ಉತ್ತುಬಿಟ್ಟ. ತಿರುವಿನಲ್ಲಿ ಅದನ್ನು ಮೊದಲಿನ ಹಾಗೆಯೇ "ಹೂಂ, ಬಾ ಬಾ" ಎಂದು ಎತ್ತಿನಂತೆ ಕರೆಯುತ್ತಿದ್ದ.

ತೆಗೆದುಕೊಂಡು ಹೋಗು, ಇದು ನಿನ್ನದೇ ಎಂದೆ. "ಬ್ಯಾಡ ಸಾಮಿ. ಮತ್ತಿಕೆರೇಲಿ ಎರಡು ಎತ್ತವೆ. ಬೈದ್ರೆ ಕೇಳಿಸ್ಕೊಂತವೆ, ಇದು ಕೇಳಿಸ್ಕೊಳಾಕಿಲ್ಲ." ಹೊರಡುವಾಗ ನಾನು ಅವನ ಕೈ ಹಿಡಿದುಕೊಳ್ಳಲು ಹೋದೆ. ಅವನು ಎರಡೂ ಕೈಯನ್ನು ಹೆಗಲ ವಸ್ತ್ರದೊಳಗೆ ಎಳೆದುಕೊಂಡ. ಮುನಿಗಂಗಮ್ಮ ಕೊಟ್ಟು ಕಳಿಸಿದ ಕೊತ್ತಂಬರಿ ಬೀಜ ಕಟ್ಟೆಯ ಮೇಲಿಟ್ಟು, "ಚೆಲ್ಲಿ ನೀರು ಬಿಡಿ. ಅಮ್ಮಾವ್ರು ಬರೋ ಹೊತ್ಗೆ ಸೊಪ್ಪಾಗಿರ್ತದೆ" ಎಂದು ಹೇಳಿ ಹೋದ.

ಯಂತ್ರ ಇಟ್ಟುಕೊಳ್ಳುವುದೋ ಕಳಿಸುವುದೋ ನೀನು ಬಂದು ಹೇಳು. ಈಗ ಅದು ಹೆಣವಲ್ಲ ಎಂಬುದಷ್ಟೇ ನನ್ನ ವಾದ. ಪುಟ್ಟವಳಿಗೆ ಅಜ್ಜನ ಮುತ್ತು. ಶಿವನು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ರುದ್ರಾಣಿ ತಣ್ಣೀರು ಮುಟ್ಟದಂತೆ ನೋಡಿಕೋ.

ಇಂತು,
ವೀರಭದ್ರಯ್ಯ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅವನನ್ನು ಬಿಡಿಸಿದೆ ಎಂದಷ್ಟೇ ನಿನಗೆ ಗೊತ್ತು. ನೀನು ಒಳಗಿದ್ದೆ. ಹಿತ್ತಲಲ್ಲಿ ನಾನು ಅವನಿಗೆ ಕೈ ನೀಡು ಎಂದೆ. ನೀಡಿದ. ಸೀಮೆಎಣ್ಣೆ ವಾಸನೆ ಇದೆಯೇ ಎಂದು ಅವನ ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿ ನೋಡಿದೆ. ಕೊತ್ತಂಬರಿ ಸೊಪ್ಪಿನ ವಾಸನೆ ಇತ್ತು. ಹಸಿ ಮಣ್ಣಿನದಿತ್ತು. ಬೇರೇನೂ ಇರಲಿಲ್ಲ. "ಚೆನ್ನಾಗಿ ತೊಳ್ಕೊಂಡು ಬಂದಿದೀಯ" ಎಂದೆ. ಮತ್ತಿಕೆರೆಯಲ್ಲಿ ನಾನು ಕ್ಷಮೆ ಕೇಳಿದ್ದು ಮಾತಿಗೆ. ಇದಕ್ಕೆ ಕೇಳಲು ಬಾಯಿ ಬರಲಿಲ್ಲ. ಭಾನುವಾರ ಮತ್ತೆ ಹೋಗುತ್ತೇನೆ.

ಮುನಿಗಂಗಮ್ಮ ಅಂದು ಸೊಪ್ಪಿನ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು, ಎಲ್ಲ ನೋಡಿದಳು. ನಿನಗೆ ಒಂದು ದಿನವೂ ಹೇಳಿಲ್ಲ. ನೀನು ಹೋದಾಗಲೆಲ್ಲ ನಿನ್ನ ಚೀಲಕ್ಕೆ ಒಂದು ಹಿಡಿ ಕೊಸರು ಹಾಕಿ ಕಳಿಸಿದ್ದಾಳೆ. ಆ ಸೊಪ್ಪಿನ ಸಾರನ್ನು ನಾನು ಇಷ್ಟು ವರ್ಷವೂ ಉಪ್ಪು ಹೆಚ್ಚು, ಹುಳಿ ಕಡಿಮೆ ಎನ್ನುತ್ತ ಉಂಡೆ.