ಗುಹೆಯ ಕಥೆಗೆ ಹೂಂ ಅನ್ನುವವರು

೧೪ ಮಾರ್ಚ್, ಗುರುವಾರ

ಗುಹೆಯ ಕಥೆ ಇವತ್ತು ಮುಗಿಯಿತು, ಆದರೂ ಮನಸ್ಸಿಗೆ ಮುಳ್ಳು ಹೊಕ್ಕ ಹಾಗಿದೆ. ಭಿಕ್ಷುಗಳು ಕೊರೆದ ಆ ಬೌದ್ಧ ಗುಹೆಯನ್ನು ಜನ ಮೊಬೈಲಿನಲ್ಲೇ ಸುತ್ತಿ ತಿಳಿದುಕೊಳ್ಳಲಿ ಎಂದು ಮಾಡುತ್ತಿರುವ ಆ್ಯಪ್‌ಗೆ ದನಿ ನನ್ನದು.

ಬೆಳಿಗ್ಗೆಯಿಂದ ಪ್ರತಿ ವಾಕ್ಯಕ್ಕೂ ನಿಲ್ಲುತ್ತಿದ್ದೆ. ಗಾಜಿನಾಚೆ ರೆಕಾರ್ಡಿಂಗ್ ಮಾಡುವ ಹುಡುಗಿ, "ಅಜ್ಜಾ, ಯಾರಿಗೆ ಕಾಯ್ತಿದ್ದೀರಾ?" ಅಂದಳು.

"ಹೂಂ ಅನ್ನೋರಿಗೆ ಕಣಮ್ಮ. ಹೂಂಗುಟ್ಟೋರಿಲ್ದಿದ್ರೆ ನನ್ನ ಕಥೆ ಮೊಂಡ ಎತ್ತಿನ ಹಾಗೆ, ಹೆಜ್ಜೆನೇ ಕಿತ್ತಿಡಲ್ಲ."

"ಅಷ್ಟೇನಾ? ನಾನು ಅಂತೀನಿ ಬಿಡಿ. ಆಮೇಲೆ ಕತ್ತರಿಸಿ ತೆಗೆದ್ರಾಯ್ತು."

ಅವಳ ಹೂಂ ಕಿವಿಗೆ ಬೀಳುತ್ತಿದ್ದಂತೆ ಕಥೆ ಓಡಿತು. ಆ ಉಮೇದಿನಲ್ಲಿ, ಗುಹೆಯಲ್ಲಿದ್ದ ಒಬ್ಬ ಭಿಕ್ಷುವಿನ ದೀಪ ಎಣ್ಣೆಯಿಲ್ಲದೆ ಏಳು ರಾತ್ರಿ ಉರಿಯಿತು ಅಂತ ಒಂದು ಸುಳ್ಳನ್ನೂ ಪೋಣಿಸಿಬಿಟ್ಟೆ. ಹುಡುಗಿ ತಟ್ಟನೆ "ಹೂಂ" ಅಂದಳು.

ನನ್ನ ಹೆಂಡತಿ ಇದ್ದಿದ್ದರೆ ಹೂಂ ಅನ್ನುತ್ತಿರಲಿಲ್ಲ. ನಲವತ್ತು ವರ್ಷ ಒಲೆಯ ಕಡೆ ಮುಖ ಮಾಡಿಕೊಂಡೇ ಹೂಂಗುಟ್ಟಿದವಳು. ಸುಳ್ಳು ಬೆರೆತ ಕಡೆ ಸುಮ್ಮನಾಗುತ್ತಿದ್ದಳು. ನಾನೇ ನಾಚಿ ತಿದ್ದಿಕೊಳ್ಳುತ್ತಿದ್ದೆ. ಅವಳು ಹೋಗಿ ಎರಡು ವರ್ಷ. ಇವತ್ತು ಅವಳ ಹೂಂಗಿಂತ ಆ ಸುಮ್ಮನಿರುವಿಕೆಯೇ ಬೇಕೆನಿಸುತ್ತಿದೆ.

ಆ್ಯಪ್‌ನಲ್ಲಿ ಕೇಳಿದವರೆಲ್ಲ ನಿಜವೆಂದೇ ನಂಬುತ್ತಾರೆ. ನಾಳೆ ಮೊದಲು ಆ ಹುಡುಗಿಯ ಹತ್ತಿರ ಹೋಗಿ ಆ ಸುಳ್ಳು ದೀಪ ಆರಿಸಬೇಕು.