ಒಂದೂವರೆ ಸ್ವರ ಕೆಳಗೆ

ಜನವರಿ 9, ಬೆಳಗ್ಗೆ

ಬಿಸಿನೀರು. ಹಬೆ. ಆಮೇಲೆ ಬಾಯಿ ಮುಚ್ಚಿಕೊಂಡೇ ಗುನುಗು. ಎದುರುಮನೆಯವನು ಎಂದಿನಂತೆ ಕಿಟಕಿ ಹಾಕಿಕೊಂಡ. ಎಷ್ಟೋ ವರ್ಷದಿಂದ ಹಾಕಿಕೊಳ್ಳುತ್ತಿದ್ದಾನೆ, ಮನೆಯನ್ನು ಮಾತ್ರ ಬದಲಿಸಿಲ್ಲ. ಅವನೇ ನನ್ನ ಅತ್ಯಂತ ನಿಷ್ಠಾವಂತ ಶ್ರೋತೃ.

ಫೆಸ್ಟಿವಲ್‌ನವರ ಫೋನ್. ನನ್ನ ಮೊದಲ ಆಲ್ಬಮ್ ಬಂದು ಇಪ್ಪತ್ತೆರಡು ವರ್ಷವಾಯಿತಂತೆ. ಏಪ್ರಿಲ್‌ನಲ್ಲಿ ದೊಡ್ಡ ಹಾಲ್‌ನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಡಬೇಕು. ಲೈವ್ ರೆಕಾರ್ಡಿಂಗ್. ಹಳೆಯದು, ಹೊಸದು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಹೊರತರುತ್ತಾರೆ.

ಆ ಆಲ್ಬಮ್ ಬಂದಾಗ ಶಾಸ್ತ್ರೀಯದವರು 'ರಾಗಕ್ಕೆ ಪ್ಯಾಂಟು ಹಾಕಿಸಿದ್ದಾಳೆ' ಅಂದರು. ಜಾಝ್‌ನವರು 'ಅಡುಗೆಮನೆ ವಾಸನೆ' ಅಂದರು. ಹೋಟೆಲ್ ಲಾಂಜಿನಲ್ಲಿ ಹಾಡಿ, ಸಾಬೂನಿನ ಜಾಹೀರಾತಿಗೆ ಹಾಡಿ ದಿನ ದೂಡಿದೆ. ಈಗ ಅವರ ಶಿಷ್ಯರೇ ಅದರ ಮೇಲೆ ಪ್ರಬಂಧ ಮಂಡಿಸುತ್ತಾರೆ. ಸಾಯದೆ ಉಳಿದರೆ ಸಾಕು, ಜನ ತಾವಾಗಿಯೇ ಸೋಲುತ್ತಾರೆ.

ಜನವರಿ 14

ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ರಿಹರ್ಸಲ್. ಪಿಯಾನೋಕ್ಕೆ ಅಣ್ಣ, ಡಬಲ್ ಬಾಸ್‌ಗೆ ಇವರು, ಡ್ರಮ್ಸ್‌ಗೆ ಗಡ್ಡ. ಅದೇ ಗಂಡ, ಅದೇ ಅಣ್ಣ, ಅದೇ ಗಡ್ಡ—ಕೂದಲ ಬಣ್ಣ ಮಾತ್ರ ಬೇರೆ.

ನಾನು ಹಾಡು ಕಟ್ಟುವುದು ಬಾಯಲ್ಲಿ. ಫೋನಿಗೆ ಹಾಡಿ ಅಣ್ಣನಿಗೆ ಕಳಿಸುತ್ತೇನೆ. ಅವನು ಪಿಯಾನೋದಲ್ಲಿ ಅದರ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳನ್ನು ಹುಡುಕುತ್ತಾನೆ. ಯಾವುದೂ ಕಾಗದಕ್ಕೆ ಇಳಿದಿಲ್ಲ. ನನಗೆ ಪಿಯಾನೋ ಬಾರದು. ಮನೆಯಲ್ಲಿ ಶ್ರುತಿಪೆಟ್ಟಿಗೆಯನ್ನೂ ಇಟ್ಟುಕೊಂಡಿಲ್ಲ. ಅಣ್ಣ ಕೊಟ್ಟ ಸ್ವರವೇ ಶ್ರುತಿ.

ಮೆಟ್ಟಿಲು ಹಾಡಿಗೆ ಬಂದೆವು. ನಾವು ಅದನ್ನು ಕರೆಯುವುದೇ ಹಾಗೆ. ಧ್ವನಿ ಒಂದೊಂದೇ ಹೆಜ್ಜೆ ಏರಿ, ಕೊನೆಯ ಮೇಲಿನ ಸ್ವರದಲ್ಲಿ ನಿಂತುಬಿಡುತ್ತದೆ. ಅಣ್ಣನ ಎಡಗೈ ಮುಗ್ಗರಿಸಿತು. ಮತ್ತೆ ಹಾಡಿದೆ. ಮತ್ತೆ ಮುಗ್ಗರಿಸಿತು.

"ಎಡಗೈ ಒಂದನ್ನೇ ನುಡಿಸು, ಕೇಳೋಣ" ಅಂದೆ.

ಗಡ್ಡ ಡ್ರಮ್ಮಿನ ಸ್ಕ್ರೂ ಬಿಗಿಮಾಡತೊಡಗಿದ. ಇವರು ನೆಲ ನೋಡಿದರು. ಅಣ್ಣ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನುಡಿಸಿದ. ಅದೇ ಜಾಗದಲ್ಲಿ ತಪ್ಪಿದ.

"ವಯಸ್ಸಾಯ್ತು ಕಣೆ. ಬೆರಳು ಹೇಳಿದ ಮಾತು ಕೇಳಲ್ಲ."

"ಕೇಳೋ ಹಾಗೆ ಮಾಡು."

"ನಿನ್ನ ಮಾತು ಕೇಳೋ ಬೆರಳು ಯಾವ ಅಂಗಡೀಲಿ ಸಿಗುತ್ತೆ ಹೇಳು, ತರ್ತೀನಿ."

ಗಡ್ಡ ನಕ್ಕ. ನಾನು ಆ ಭಾಗವನ್ನು ಇನ್ನೊಮ್ಮೆ ನುಡಿಸಿಸಿದೆ.

ಜನವರಿ 20

ರೇಡಿಯೋ ಸಂದರ್ಶನ. ಈ ವಯಸ್ಸಿನಲ್ಲೂ ಅದೇ ಶ್ರುತಿಯಲ್ಲಿ ಹೇಗೆ ಹಾಡುತ್ತೀರಿ ಎಂದು ಸಂದರ್ಶಕಿ ಕೇಳಿದಳು. ಶಿಸ್ತು ಅಂದೆ. ನಿಮ್ಮ ಹಳೆಯ ರೆಕಾರ್ಡ್ ಕೇಳುತ್ತೀರಾ? ಇಲ್ಲ, ನನ್ನ ಎಂಜಲು ನಾನು ತಿನ್ನುವುದಿಲ್ಲ. ತುಂಬ ನಕ್ಕಳು. ಇವರು ಗಾಜಿನ ಆಚೆ ಕೂತಿದ್ದರು, ನಗಲಿಲ್ಲ.

ಜನವರಿ 27

ಮತ್ತೆ ಅದೇ ಎಡಗೈ. ನಿರ್ಧರಿಸಿದೆ. ಇಂಥದ್ದನ್ನು ಫೋನಿನಲ್ಲಿ ಹೇಳುವುದು ಹೇಡಿತನ. ಅವನ ಮನೆಯಲ್ಲೇ, ಊಟದ ಮೇಜಿನಲ್ಲೇ ಹೇಳಿದೆ.

"ಇದೊಂದು ಕಾರ್ಯಕ್ರಮಕ್ಕೆ ಪಿಯಾನೋಗೆ ಬೇರೆಯವರನ್ನ ಕೂರಿಸ್ತೀನಿ ಅಣ್ಣ. ರೆಕಾರ್ಡ್ ಆಗುತ್ತೆ. ತಪ್ಪಾದ್ರೆ ನಾವು ಸತ್ತ ಮೇಲೂ ಇರುತ್ತೆ."

ಅಣ್ಣ ಚಮಚ ಕೆಳಗಿಟ್ಟ. ಅತ್ತಿಗೆ ಬಾಯಿ ತೆರೆದರು. ಅವನು ಅವರ ಮುಂಗೈ ಹಿಡಿದು, "ಸುಮ್ನಿರು" ಅಂದ. ಗಂಡನ ಪರ ನಾಲ್ಕು ಮಾತಾಡುವ ಆಸೆ, ಪಾಪ. ಸಹಜ.

"ಸರಿ ಕಣೆ" ಅಂದ ನನಗೆ. "ಉಪ್ಪು ಈ ಕಡೆ ಕೊಡು."

ಕಾರಿನಲ್ಲಿ ಇವರು: "ಇನ್ನೊಂದ್ಸಲ ಯೋಚ್ನೆ ಮಾಡ್ತೀಯಾ?"

"ಯಾಕೆ? ನಿಮಗೇನಾದ್ರೂ ಗೊತ್ತಾ, ನಂಗೆ ಗೊತ್ತಿಲ್ಲದ್ದು?"

ಇಂಡಿಕೇಟರ್ ಹಾಕಿದರು. ಟಿಕ್, ಟಿಕ್. ತಿರುವು ಇನ್ನೂ ದೂರವಿತ್ತು.

ಫೆಬ್ರವರಿ 6

ಹೊಸ ಪಿಯಾನೋದವಳು. ಮೂವತ್ತು ಇರಬಹುದು. ಕೂರುವ ಮುನ್ನ ಕೈಯ ಉಂಗುರಗಳನ್ನೆಲ್ಲ ಒಂದೊಂದಾಗಿ ತೆಗೆದು ಪಿಯಾನೋದ ಅಂಚಿಗೆ ಸಾಲಾಗಿ ಇಡುತ್ತಾಳೆ. ಗಡ್ಡ ಆಗಲೇ ಉಂಗುರಮ್ಮ ಎಂದು ಹೆಸರಿಟ್ಟಿದ್ದಾನೆ. ಹಳೆಯ ಆಲ್ಬಮ್ ಕೇಳಿ ಕೇಳಿ ಎಲ್ಲವನ್ನೂ ಕಾಗದಕ್ಕೆ ಇಳಿಸಿಕೊಂಡು ಬರುತ್ತಾಳಂತೆ. ಅನುಮಾನವಿದ್ದರೆ ಅಣ್ಣನಿಗೆ ಫೋನ್ ಮಾಡು ಅಂದೆ. ದೊಡ್ಡತನ ತೋರಿಸಲು ಅವನಿಗೂ ಒಂದು ಅವಕಾಶ.

ಫೆಬ್ರವರಿ 11, ಮಧ್ಯಾಹ್ನ

ಬಾಡಿಗೆ ಸ್ಟುಡಿಯೋದಲ್ಲಿ ಉಂಗುರಮ್ಮನ ಜೊತೆ ಮೊದಲ ರಿಹರ್ಸಲ್. ಮೊದಲ ಹಾಡಿಗೇ ಕೊರಳು ಬಿಗಿಯಿತು. ಎರಡನೆಯದರಲ್ಲಿ ನರ ಉಬ್ಬಿದ್ದು ಎದುರಿನ ಗಾಜಿನಲ್ಲಿ ಕಂಡಿತು. ಮೆಟ್ಟಿಲು ಹಾಡಿನಲ್ಲಿ ಮೇಲಿನ ಸ್ವರ ಒಡೆಯಿತು—ಬಾಗಿಲ ಸಂದಿಗೆ ಸಿಕ್ಕಿದ ಬೆಕ್ಕಿನ ಹಾಗೆ.

"ಪಿಯಾನೋ ಶ್ರುತಿ ಏರಿದೆ" ಅಂದೆ.

ಶ್ರುತಿ ಮಾಡುವವನನ್ನು ಕರೆಸಿದೆ. ಬಂದ, ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದ.

"ಸರಿಯಾಗೇ ಇದೆಯಲ್ಲಮ್ಮ."

"ಇನ್ನೊಂದ್ಸಲ ನೋಡಿ."

"ನೋಡಿದ್ರೆ ಇಳಿಯುತ್ತಾ?"

ಅವನನ್ನು ಬೈದು ಕಳಿಸಿದೆ. ಉಂಗುರಮ್ಮ ಮೆಲ್ಲಗೆ, "ಮೇಡಂ, ನಾನು ರೆಕಾರ್ಡಿನ ಶ್ರುತಿಯಲ್ಲೇ ನುಡಿಸ್ತಿದ್ದೀನಿ" ಅಂದಳು. ಅವಳನ್ನೂ ಬೈದೆ. ಇವರು ಬಾಸಿನ ತಂತಿಗಳನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಒರೆಸುತ್ತ.

ಅದೇ ದಿನ, ಸಂಜೆ

ಇವರು ಪಾತ್ರೆ ತೊಳೆಯುತ್ತಿದ್ದರು. ನನಗೆ ಬೆನ್ನು ಹಾಕಿ ನಿಂತೇ ಹೇಳಿದರು.

"ನಿನ್ನ ಅಣ್ಣ ಇಳಿಸಿದ್ದ."

"ಏನನ್ನ?"

"ಶ್ರುತೀನ. ನಿನಗೆ ಆ ಚಳಿಗಾಲದಲ್ಲಿ ಕೆಮ್ಮು ಹಿಡಿದಿತ್ತಲ್ಲ, ಆಗ ಅರ್ಧ ಸ್ವರ. ಕೆಮ್ಮು ಹೋಯ್ತು, ಧ್ವನಿ ವಾಪಸ್ ಬರ್ಲಿಲ್ಲ. ಆಮೇಲೆ ಇನ್ನರ್ಧ. ಈಗ ಒಂದೂವರೆ."

"ನಿಮಗೆ ಗೊತ್ತಿತ್ತು."

"ಅವನು ಇಳಿಸಿದ್ರೆ ನಾನೂ ಇಳಿಸ್ಬೇಕಲ್ವಾ? ಬಾಸ್ ನುಡಿಸೋನಿಗೆ ಗೊತ್ತಿಲ್ದೆ ಹೇಗೆ?"

"ಗಡ್ಡನಿಗೆ?"

"ಅವನಿಗೂ ಕಿವಿ ಇದೆಯಲ್ಲ."

ಅತ್ತಿಗೆಗೆ ಗೊತ್ತಿತ್ತಾ ಎಂದು ಕೇಳಲಿಲ್ಲ. ಆ ಮುಂಗೈ ನೆನಪಾಯಿತು.

ಎಡಗೈ ವಿಷಯವನ್ನೂ ಹೇಳಿದರು. ಅಣ್ಣ ಆ ಹಾಡುಗಳಿಗೆ ಕೈ ಕೂರಿಸಿದ್ದು ಹಳೆಯ ಶ್ರುತಿಯಲ್ಲಿ. ಇಳಿಸಿದರೆ ಕಪ್ಪು ಮನೆ ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು. ಎಡಗೈಯ ದೊಡ್ಡ ಜಿಗಿತಗಳೆಲ್ಲ ತಲೆಕೆಳಗು. ಅರವತ್ತು ದಾಟಿದವನು ಯಾರಿಗೂ ಹೇಳದೆ ಎಲ್ಲವನ್ನೂ ಹೊಸದಾಗಿ ಕಲಿಯುತ್ತಿದ್ದ.

"ಹಳೇ ಶ್ರುತಿ ಕೊಡು, ಈಗ್ಲೂ ಕಣ್ಮುಚ್ಚಿ ನುಡಿಸ್ತಾನೆ" ಅಂದರು.

"ಮತ್ತೆ ಇವತ್ತು ಸ್ಟುಡಿಯೋದಲ್ಲೇ ಬಾಯಿ ಬಿಡಬಾರದಿತ್ತೇನ್ರೀ?"

"ಆಗುತ್ತೇನೋ ಅಂದ್ಕೊಂಡೆ... ನಿನ್ನ ಕೈಲಿ."

ನಲ್ಲಿ ನಿಲ್ಲಿಸಿದರು. ಅವರು ಅಂದುಕೊಂಡಿರಲಿಲ್ಲ. ಹೇಳುವ ಧೈರ್ಯವಿರಲಿಲ್ಲ, ನನ್ನ ಕೊರಳೇ ಹೇಳಲಿ ಎಂದು ಬಿಟ್ಟರು.

ಫೆಬ್ರವರಿ 13

ಹಳೆಯ ಆಲ್ಬಮ್ ಕೇಳಿದೆ. ಯಾರೋ ಹುಡುಗಿ. ಚೆನ್ನಾಗಿ ಹಾಡುತ್ತಾಳೆ. ಹೆಜ್ಜೆಗೆ ಹೆಜ್ಜೆ ಏರಿ ಮೇಲೆ ನಿಂತು, ಇದೇನು ಮಹಾ ಎಂಬಂತೆ ಕಾಲು ಅಲ್ಲಾಡಿಸುತ್ತಾಳೆ. ಅವಳ ಮೇಲೆ ಇಡೀ ದಿನ ಸಿಟ್ಟು.

ಫೆಬ್ರವರಿ 26

ಅಣ್ಣನ ಮನೆ. ಬಾಗಿಲು ತೆರೆದವರು ಅತ್ತಿಗೆ. ಒಳಗೆ ಬಾ ಅನ್ನಲಿಲ್ಲ.

"ಪಿಯಾನೋ ಏರಿತ್ತಂತೆ?" ಅಂದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲಾನೇ ಬಗ್ಗಿ ಬಗ್ಗಿ ನಿನ್ನ ಕುಣಿಸ್ತು. ಆ ನೆಲಕ್ಕೇ ಒದ್ದೆಯಲ್ಲೇ!"

ಅಣ್ಣ ಒಳಗಿನಿಂದ, "ಬಿಡೇ, ಬರ್ಲಿ" ಅಂದ. ಕಿತ್ತಳೆ ಸುಲಿಯುತ್ತಿದ್ದ. ಪಿಯಾನೋದ ಮುಚ್ಚಳದ ಮೇಲೆ ಒಗೆದ ಬಟ್ಟೆ ಮಡಚಿಟ್ಟಿದ್ದರು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಾಡ್ತಿದ್ಯಾ?"

"ನನ್ನ ಮೇಲೆ ಕರುಣೆ."

"ಕರುಣೆ ಗಿರುಣೆ ಏನೂ ಇಲ್ಲ. ನೀನು ನಿಲ್ಲಿಸಿದ್ರೆ ನನ್ನ ಯಾರು ಕರೀತಾರೆ? ನಿನ್ನ ಗಂಡನಿಗೆ ಸ್ಕೂಲ್ ಕೆಲಸ ಇದೆ. ಗಡ್ಡ ಯಾವ ಪಾರ್ಟೀಲಿ ಬೇಕಾದ್ರೂ ಬಡೀತಾನೆ. ನಂಗೆ ನಿನ್ನ ಬಿಟ್ರೆ ಈ ಡಬ್ಬ ಒಂದೇ." ತೊಳೆಯ ನಾರು ಬಿಡಿಸಿದ. "ಸ್ಟೇಜ್ ಹಿಂದೆ ದಿನಾ ಊಟ ಆಯ್ತಾ ಅಂತ ಕೇಳ್ತಿದ್ನಲ್ಲ. ನಿನ್ನ ಊಟ ಕಟ್ಕೊಂಡು ನಂಗೇನಾಗ್ಬೇಕು? ಆಯ್ತು ಅಂತೀಯಲ್ಲ, ಆ ಧ್ವನೀಲಿ ಗೊತ್ತಾಗ್ತಿತ್ತು, ಇವತ್ತು ಎಷ್ಟು ಇಳಿಸ್ಬೇಕು ಅಂತ."

ಎಷ್ಟೋ ಸಲ ರೇಗಿದ್ದೆ, ಆ ಪ್ರಶ್ನೆಗೆ. ರೇಗಿದ್ದೂ ಅವನಿಗೆ ಅಳತೆಯೇ ಆಗಿತ್ತು.

"ಆ ಪಿಯಾನೋ ಹುಡುಗಿ ನಿಂಗೆ ಫೋನ್ ಮಾಡಿದ್ಲಂತೆ."

"ಮಾಡಿದ್ಲು. ಯಾವ ಶ್ರುತಿ ಸರ್ ಅಂದ್ಲು. ರೆಕಾರ್ಡಲ್ಲಿ ಇರೋದೇ ಅಂದೆ." ಬಿಡಿಸಿದ ತೊಳೆಯನ್ನು ನನ್ನ ಕಡೆ ಚಾಚಿದ. "ನಿಂಗೂ ಒಂದ್ಸಲ ಗೊತ್ತಾಗ್ಲಿ ಅಂತ."

ತಿಂದೆ. ಸಿಹಿಯಾಗಿತ್ತು.

ವಾಪಸ್ ಬಾ ಎಂದು ಕರೆಯಲು ಹೋಗಿದ್ದೆ. ಕರೆಯಲಿಲ್ಲ.

ಮಾರ್ಚ್ 8

ಉಂಗುರಮ್ಮ ಎಲ್ಲವನ್ನೂ ಒಂದೂವರೆ ಸ್ವರ ಇಳಿಸಿ ಬರೆದುಕೊಂಡು ಬಂದಳು. ಎಡಗೈ ಎಲ್ಲೂ ಮುಗ್ಗರಿಸುವುದಿಲ್ಲ. ಅಣ್ಣನಿಗೆ ತಿಳಿಸಬೇಕಾದ ಸುದ್ದಿ. ಫೋನ್ ಮಾಡಿ ತಿಳಿಸಿದೆ.

"ಒಳ್ಳೇದಾಯ್ತು" ಅಂದ.

ಧ್ವನಿಯಲ್ಲಿ ಏನಾದರೂ ಇದೆಯೇ ಎಂದು ಕಿವಿಗೊಟ್ಟೆ. ನನಗೆ ಆ ವಿದ್ಯೆ ಬಾರದು.

ಏಪ್ರಿಲ್ 2

ಇಳಿಸಿ ಬರೆದದ್ದರಿಂದ ಅವಳಿಗೆ ಕಾಗದ ಬೇಕೇ ಬೇಕು. ಕಾಗದವಿದ್ದ ಮೇಲೆ ಪಕ್ಕದಲ್ಲಿ ಕೂತು ಪುಟ ತಿರುವಲು ಒಬ್ಬರು ಬೇಕು. ಅಣ್ಣನನ್ನು ಕೇಳುತ್ತೇನೆ ಅಂದೆ.

"ತಲೆ ಸರಿ ಇದೆಯಾ ನಿನಗೆ?" ಇವರು.

"ಹಾಡು ಗೊತ್ತಿರೋರೇ ಬೇಕಲ್ಲ. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ತರ್ಕದಲ್ಲಿ ತಪ್ಪಿರಲಿಲ್ಲ. ಇವರು ಎದ್ದು ಹೋದರು. ಫೋನಿನಲ್ಲಿ ಅಣ್ಣ ಒಂದೇ ಮಾತಿಗೆ ಒಪ್ಪಿದ. ಯಾಕೆ ಒಪ್ಪಿದೆ ಎಂದು ಕೇಳಲಿಲ್ಲ; ಕೇಳಿದರೆ ಹೇಳಿಬಿಡುತ್ತಾನೆ. ಹಿಂದೆ ಅತ್ತಿಗೆ ಏನೋ ಎಸೆದ ಸದ್ದು.

ಏಪ್ರಿಲ್ 19, ಸಂಜೆ, ಇಂಟರ್ವಲ್

ಗ್ರೀನ್ ರೂಮ್. ಮೊದಲರ್ಧ ಮುಗಿಯಿತು. ಹಾಲ್ ತುಂಬಿದೆ. ಇಳಿಸಿದ ಶ್ರುತಿ, ಎಲ್ಲೂ ತೊಡಕಿಲ್ಲ, ಎದ್ದು ನಿಂತು ಚಪ್ಪಾಳೆ. ಅಣ್ಣ ಕಪ್ಪು ಕೋಟು ಹಾಕಿಕೊಂಡು ಬಂದಿದ್ದಾನೆ. ಒಂದು ಪುಟವೂ ತಡವಾಗಲಿಲ್ಲ. ಅವನ ಎಡಗೈ ತೊಡೆಯ ಮೇಲೆ ತಾನಾಗಿ ನುಡಿಸುತ್ತಿತ್ತು. ಹಳೆಯ ಶ್ರುತಿಯಲ್ಲೋ, ಹೊಸದರಲ್ಲೋ.

ಇವತ್ತು ಊಟದ ವಿಷಯ ಕೇಳಲಿಲ್ಲ.

ಫೆಸ್ಟಿವಲ್‌ನವನು ಒಳಗೆ ಬಂದು ಕೈ ಕುಲುಕಿದ. "ಹಳೇದರ ಪಕ್ಕದಲ್ಲೇ ಹೊಸದು ಬರುತ್ತೆ ಮೇಡಂ. ಜನ ಒಂದಾದ ಮೇಲೊಂದು ಹಾಕಿ ಕೇಳ್ತಾರೆ, ನೋಡ್ತಿರಿ!" ಅವನು ಹೋದ ಮೇಲೆ ಕೋಣೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಗಡ್ಡ ಕಡ್ಡಿಯ ತುದಿ ಉಜ್ಜುತ್ತಿದ್ದ. ಇವರು ಮತ್ತೆ ತಂತಿ ಒರೆಸುತ್ತಿದ್ದರು. ಅಣ್ಣ, ಉಂಗುರಮ್ಮ ಪುಟ ಜೋಡಿಸುತ್ತಿದ್ದರು. ನಾಲ್ಕು ಜನರ ಆ ಸೌಜನ್ಯ. ನನ್ನ ಹೆಣಕ್ಕೆ ಮೀಸಲಿಟ್ಟದ್ದನ್ನು ಮುಂಚಿತವಾಗಿ ಕೊಡುತ್ತಿದ್ದಾರೆ.

ಎರಡನೇ ಅರ್ಧ ಶುರುವಾಗುವುದೇ ಮೆಟ್ಟಿಲು ಹಾಡಿನಿಂದ.

ಉಂಗುರಮ್ಮನಿಗೆ ಹೇಳಿದೆ: "ಮೆಟ್ಟಿಲು ಹಾಡು ಹಳೇ ಶ್ರುತೀಲಿ. ಆ ಕಾಗದ ತಂದಿದ್ದೀಯಲ್ಲ?"

"ಇದೆ ಮೇಡಂ, ಆದ್ರೆ—" ಅವಳು ಇವರ ಮುಖ ನೋಡಿದಳು. ಇವರು ಬಟ್ಟೆಯನ್ನು ನೋಡಿದರು.

"ಬೇಡ ಕಣೆ" ಅಂದ ಅಣ್ಣ.

ಎಲ್ಲರೆದುರು. ಇಷ್ಟು ವರ್ಷದಲ್ಲಿ ಮೊದಲ ಸಲ.

"ಬೇಡ. ಇವತ್ತು ಆಗಲ್ಲ. ನಿನ್ನ ಮಾತಲ್ಲೇ ಗೊತ್ತಾಗ್ತಿದೆ."

ನನಗೂ ಗೊತ್ತಿತ್ತು. ಅವನು ಹೇಳದೆ ಇದ್ದಿದ್ದರೆ ಇಳಿಸಿಯೇ ಹಾಡುತ್ತಿದ್ದೆನೋ ಏನೋ.

"ಪುಟ ತಿರುವೋರು ಮಾತಾಡಬಾರದು ಅಣ್ಣ" ಅಂದೆ.

ಉಂಗುರಮ್ಮ ಕಾಗದ ಬದಲಿಸಿದಳು. ಅಣ್ಣ ಅದನ್ನು ಅವಳಿಂದ ತೆಗೆದುಕೊಂಡು ಅಂಚು ಸರಿಮಾಡಿದ. ಈಗ ಬಾಗಿಲ ಹತ್ತಿರ ನಿಂತಿದ್ದಾನೆ, ಕಾಗದವನ್ನು ಎದೆಗೆ ಒತ್ತಿಕೊಂಡು. ನನ್ನನ್ನು ನೋಡುತ್ತಿಲ್ಲ. ಕೇಳಿಸಿಕೊಳ್ಳುತ್ತಿದ್ದಾನೆ. ಬರೆಯುವಾಗ ಉಸಿರೂ ಸದ್ದು ಮಾಡುತ್ತದೆ ಎಂದು ಗೊತ್ತಿರಲಿಲ್ಲ.

ಗಂಟೆ ಹೊಡೆಯಿತು. ಗಡ್ಡ ಹೋದ. ಇವರು ಬಾಸ್ ಎತ್ತಿಕೊಂಡು ಹೋದರು. ನೀರು ಕುಡಿದೆ. ಒಂದು ಸಲ ನೋಡಿಕೊಳ್ಳೋಣ ಎಂದು ಬಾಯಿ ಮುಚ್ಚಿಕೊಂಡೇ, ಒಳಗೇ, ಹೆಜ್ಜೆಹೆಜ್ಜೆಯಾಗಿ ಏರಿದೆ. ಕೊನೆಯ ಸ್ವರದ ಹಿಂದಿನದರವರೆಗೂ ಧ್ವನಿ ಇದೆ. ಕೊನೆಯದು—